ಸೀರೆಯ ಬೆನ್ನಿನ ಅಕ್ಷರ

ರಬಕವಿ. ಮಾರ್ಚ್ ೨, ೧೯೫೩. ಸೋಮವಾರ

ಬೆಳಿಗ್ಗೆ ಮತ್ತೆ ಉಸುಕಿನ ತಾಟು. ಬನಿಯ ಬೆರಳು ಕೆಂಪಾಗುವವರೆಗೆ ಅಂದಾನೆಪ್ಪ ಮಾಸ್ತರು ‘ಅ’ ತಿದ್ದಿಸಿದರು. ಇವತ್ತಿಗೆ ಹನ್ನೆರಡು ದಿನ, ಅದೇ ‘ಅ’.

ಮಗಳಿಗೆ ಆರು ವರ್ಷ. ಜ್ವರ ಬಂದು ಎಡಗಾಲು ಸೊರಗಿದ ಮೇಲೆ ಶಾಲೆಯವರು ಕೈಬಿಟ್ಟರು — ಮನೆಯಲ್ಲೇ ಕಲಿಸಿರಿ ಅಂದರು. ಅತ್ತೆ ಯಲ್ಲವ್ವ ಹೋಗಿ ಈ ಪೆನ್ಶನ್ ಮಾಸ್ತರನ್ನು ಕರೆತಂದರು. ಇವರ ಪದ್ಧತಿ ಏನೆಂದರೆ, ವರ್ಣಮಾಲೆ ಪೂರಾ ಬಾಯಿಪಾಠ ಆಗುವ ತನಕ ಒಂದು ಶಬ್ದವೂ ಇಲ್ಲ. ವರ್ಷ ಹಿಡಿಯುತ್ತದಂತೆ. ಒಂದು ವರ್ಷ!

ಬನಿ ಇವತ್ತು ತಾಟು ಬೋರಲು ಹಾಕಿದಳು. ಒಳಗೊಳಗೇ ಖುಷಿಯಾಯಿತು. ಸುಳ್ಳೇಕೆ ಹೇಳಲಿ.

ಮಾರ್ಚ್ ೪

ಹೇಳಿಯೇಬಿಟ್ಟೆ.

“ಮಾಸ್ತರ, ನಾ ಬ್ಯಾರೇ ರೀತಿ ಕಲಸ್ತೀನ್ರಿ. ಮೊದಲ ಆಕಿಗೆ ಗೊತ್ತಿದ್ದ ಶಬ್ದ. ಲಾಳಿ, ರಾಟಿ, ನೂಲು. ಓದಾಕ ಬರ್ಲಿ, ಬರಿಯೂದು ಆಮ್ಯಾಲೆ.”

ಮಾಸ್ತರು ನಕ್ಕರು. “ಮುಲ್ಕಿ ಪರೀಕ್ಷಾ ಪಾಸಾದ್ರ ಮಾಸ್ತರಕಿ ಬಂತೇನ ಶೇವಂತವ್ವಾ?”

ಅತ್ತೆ ನಗಲಿಲ್ಲ. “ನಲವತ್ತು ದಿನ ಕೊಟ್ಟೇನಿ. ಮಾಸ್ತರು ಬಂದು ಬರಸಿ ನೋಡ್ತಾರ. ಬರಲಿಲ್ಲಂದ್ರ ಪಾಟಿ-ಬಳಪ ಅಟ್ಟಕ್ಕ, ಕೂಸು ರಾಟಿಗೆ. ಕುಂತು ನೂಲು ಸುತ್ತಾಕ ಅಕ್ಷರ ಯಾಕ ಬೇಕು?”

ಬೇಕು. ಅದಕ್ಕೇ ಬೇಕು. ಆರು ವರ್ಷಕ್ಕೆ ರಾಟಿಗೆ ಕೂತವಳು ಅರವತ್ತಕ್ಕೂ ಏಳುವುದಿಲ್ಲ, ನಾನು ನೋಡಿದ್ದೇನೆ.

ಮಾರ್ಚ್ ೭

ಪುಸ್ತಕಕ್ಕೆ ಎಲ್ಲಿ ಹೋಗಲಿ? ಇವರನ್ನೇ ಕೇಳಿದೆ. ಗಂಡನ ಹೆಸರು ಹೇಳಬಾರದಂತೆ. ಬರೆಯಬಾರದು ಅಂತ ಯಾರೂ ಹೇಳಿಲ್ಲ — ಕಾಶಪ್ಪ. ಕಾಶಪ್ಪ. ಕಾಶಪ್ಪ. ನೋಡೋಣ ಏನಾಗುತ್ತದೆ.

ಇವರಿಗೆ ಓದು ಬಾರದು, ಕೈ ಮಾತ್ರ ಬಂಗಾರ. ಮಗ್ಗದಲ್ಲಿ ಒಂದು ಸೀರೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಗೇಣು ಜಾಗ ಬಿಡುತ್ತಾರಲ್ಲ, ಅಲ್ಲಿ ಕೆಂಪು ನೂಲಿನಲ್ಲಿ ಒಂದೊಂದು ಶಬ್ದ ನೇಯುತ್ತಾರೆ. ನಾನು ಹಾಳೆಯ ಮೇಲೆ ಬರೆದು ಕೊಡುತ್ತೇನೆ. ಹಾಳೆ ಅವರ ಟೊಪ್ಪಿಗೆಯೊಳಗೆ. ಬನಿ ಪಕ್ಕದಲ್ಲಿ ಕೂತು ನೋಡುತ್ತಾಳೆ, ನೂಲಿನ ಮೇಲೆ ಬೆರಳಾಡಿಸಿ ತಿದ್ದುತ್ತಾಳಂತೆ. ಹೇಗೂ ದಿನವಿಡೀ ಅಲ್ಲೇ ಕೂಡುವ ಕೂಸು.

ಮಾರ್ಚ್ ೨೯

ಬರೆಯಲು ಪುರುಸೊತ್ತಿಲ್ಲ. ಅಡುಗೆಮನೆಗೆ ಕೇಳಿಸುತ್ತದೆ — “ಅಪ್ಪಾ, ಇದು ಲಾಳಿ! ಇದು ರಾಟಿ! ಎರಡರಾಗೂ ‘ಆ’ ಐತಿ ನೋಡು!” ಇವರು “ಹೌದೇನಬೇ?” ಅನ್ನುತ್ತಾರೆ. ಅಪ್ಪನಿಗೇ ಮಾಸ್ತರಿಣಿ. ಕೇಳುತ್ತ ನಿಂತು ರೊಟ್ಟಿ ಕರಕಾಯಿತು. ಆಗಲಿ.

ಪಾಟಿ ಇನ್ನೂ ಕೊಟ್ಟಿಲ್ಲ. ಓದು ಗಟ್ಟಿಯಾಗಲಿ. ನನ್ನ ಹಟ.

ಏಪ್ರಿಲ್ ೧೩, ಮಧ್ಯಾಹ್ನ

ಮಾನ ಹೋಯಿತು.

ಮಾಸ್ತರು “ಲಾಳಿ ಬರಿ” ಅಂದರು. ಬನಿ ಸರಸರ ಬರೆದಳು. ಅವರು ಪಾಟಿಯನ್ನು ಆ ಕಡೆ ಈ ಕಡೆ ತಿರುವಿದರು, ಓದಲು ಬರಲಿಲ್ಲ. ನನಗೂ ಬರಲಿಲ್ಲ. ರಾಟಿ, ನೂಲು… ಎಲ್ಲವೂ ಗೀಚು.

“ಕಾಲಷ್ಟ ಅಲ್ಲ, ತಲೀನೂ…” ಅಂದು ಮಾಸ್ತರು ಎದ್ದರು. ಅತ್ತೆ ಪಾಟಿ ಕಿತ್ತುಕೊಂಡು ಹಾಗೆಯೇ ಅಟ್ಟದ ಮೇಲಿಟ್ಟರು. ನಾಳೆಯಿಂದ ರಾಟಿ.

ಬನಿ ಅಳಲಿಲ್ಲ. “ಅಪ್ಪ ನೇದ ಅರಿವ್ಯಾಗ ಹಿಂಗ ಐತಿ” ಅಂತ ಒಂದೇ ಮಾತು. ಕೂಸು ಸುಳ್ಳಾಡುವುದಿಲ್ಲ. ಹೋಗಿ ನೋಡುತ್ತೇನೆ.

ಅದೇ ದಿನ, ಸಂಜೆ

ನೋಡಿದೆ. ಮಗ್ಗದ ಮೇಲಿನ ಶಬ್ದ ಉಲ್ಟಾ, ಕನ್ನಡಿಯಲ್ಲಿ ಕಂಡ ಹಾಗೆ! ಕೆಳಗೆ ಕೈ ಹಾಕಿ ತಿರುವಿದರೆ ಅಲ್ಲಿ ನೆಟ್ಟಗೆ. ಸೀರೆಯ ಮುಖ ಕೆಳಗಿಟ್ಟು ನೇಯುವುದು ಇವರ ರೂಢಿ. ಕೂತವರಿಗೆ ಕಾಣುವುದು ಬೆನ್ನು. ಅಕ್ಷರವನ್ನೂ ಹಾಗೇ, ಮುಖಕ್ಕೆ ಸರಿ ಬರುವಂತೆ ನೇಯ್ದಿದ್ದಾರೆ. ಮಗಳು ಕಲಿತದ್ದು ಬೆನ್ನು.

“ತಪ್ಪು ನಂದು,” ಅಂದರು ಇವರು, ತಲೆ ತಗ್ಗಿಸಿ. ನನ್ನದೇ ದೊಡ್ಡದು. ಒಂದು ದಿನ ಬಂದು ಬಗ್ಗಿ ನೋಡಲಿಲ್ಲ, ಒಲೆಯ ಮುಂದೆ ನಿಂತು ಬೀಗಿದೆ.

ಪಾಟಿ ಇಳಿಸಿದೆ. ಗೋಡೆಯ ಕನ್ನಡಿ ಕಿತ್ತೆ. ಎರಡನ್ನೂ ಹಿಡಿದು ನಟ್ಟನಡು ಓಣಿಯಲ್ಲಿ ಮಾಸ್ತರರ ಮನೆಗೆ ಹೋದೆ. ಜನ ನೋಡಿದರು. ನೋಡಲಿ.

“ಕನ್ನಡಿಯೊಳಗ ಓದ್ರಿ.”

ಓದಿದರು. ಲಾಳಿ. ರಾಟಿ. ನೂಲು. ಒಂದೂ ತಪ್ಪಿಲ್ಲ.

“ಆಕಿ ತಲೀ ಬಗ್ಗೆ ಆಡಿದ ಮಾತು ಹಿಂದಕ್ಕ ತಗೋರಿ.”

ಮಾಸ್ತರು ಕನ್ನಡಿ ಕೆಳಗಿಟ್ಟರು. “ತಗೊಂಡೆ. ಆದ್ರ ಕನ್ನಡಿ ಹಿಡಕೊಂಡು ಯಾರೂ ಓದೂದಿಲ್ಲವ್ವಾ. ಮಿರಗದ ಮಳಿ ಹೊತ್ತಿಗೆ ಬರ್ತೀನಿ. ನೆಟ್ಟಗ ಬರದು ತೋರಸ್ಲಿ. ಯಲ್ಲವ್ವಗ ನಾ ಹೇಳ್ತೀನಿ.”

ಜೂನ್ ೭. ಮಿರಗ

ಇಷ್ಟು ದಿನ ಈ ವಹಿ ಮುಟ್ಟಿಲ್ಲ. ಒಂದೇ ಕೆಲಸ — ಬಟ್ಟೆ ತಿರುವು, ಮುಖ ನೋಡು, ಬರೆ, ಅಳಿಸು, ಮತ್ತೆ ಬರೆ. ಈ ಸಲ ಒಲೆ ಬಿಟ್ಟು ನಾನೇ ಪಕ್ಕದಲ್ಲಿ ಕೂತೆ.

ಇವತ್ತು ಮಾಸ್ತರು ಹೇಳಿದ ಹತ್ತು ಶಬ್ದವನ್ನೂ ಬನಿ ನೆಟ್ಟಗೆ ಬರೆದಳು. ಆಮೇಲೆ ಎಲ್ಲ ಒರೆಸಿ, ಯಾರೂ ಕೇಳದೆಯೇ ಇನ್ನೊಂದು ಬರೆದಳು. ನಾನು ಕಲಿಸಿದ್ದಲ್ಲ. ಮೊನ್ನೆ ‘ಯ’ ಹೇಗೆ ಅಂತ ಕೇಳಿದ್ದಳು, ರೊಟ್ಟಿ ಬಡಿಯುತ್ತ ಹಿಟ್ಟಿನಲ್ಲಿ ತೋರಿಸಿದ್ದೆ, ಅಷ್ಟೇ.

“ಆಯಿ, ಇದು ನೀನು,” ಅಂದಳು ಅಜ್ಜಿಗೆ.

ಯಲ್ಲವ್ವ.

ಅತ್ತೆ ಪಾಟಿ ತೆಗೆದುಕೊಂಡರು. ಬೆರಳಿನಿಂದ ಮುಟ್ಟಲು ಹೋಗಿ ಸರಕ್ಕನೆ ಹಿಂದೆಗೆದರು. “ಇಷ್ಟ ವರ್ಷ ಆತು… ನನ್ನ ಹೆಸರು ಹಿಂಗ ಇರತೈತೇನ?” ಅಟ್ಟಕ್ಕೆ ಹೋಗಬೇಕಾಗಿದ್ದ ಪಾಟಿಯನ್ನು ದೇವರ ಜಗಲಿಯ ಮೇಲಿಟ್ಟರು. ಯಾರೂ ಅಳಿಸಬಾರದಂತೆ. ಗೆದ್ದೆ ಅನ್ನಬೇಕೆಂದಿದ್ದೆ, ಅನ್ನಲಾಗಲಿಲ್ಲ.

ಈಗ ಬನಿಗೆ ಪಾಟಿಯಿಲ್ಲ. ತೆವಳಿ ಬಂದು ತೊಡೆ ಏರಿದ್ದಾಳೆ, ಈ ವಹಿಯೇ ಬೇಕಂತೆ. ಇದು ನನ್ನದು, ಯಾರಿಗೂ ಕೊಡುವುದಿಲ್ಲ ಅಂದೆ. ಕೇಳುವವಳೇ? ನನ್ನ ಮಗಳು. ಪೆನ್ನು ಹಿಡಿದು ಜಗ್ಗುತ್ತಿದ್ದಾಳೆ. ಇರು ಬೇ, ಇನ್ನೂ ಬರೆಯುವುದಿದೆ, ಮಾಸ್ತರು ಹೋಗುವಾಗ ನನಗೆ ‘ಮಾಸ್ತರಕಿ ಬಂತು ಶೇವಂತವ್ವಾ’ ಅಂದರು, ಆಗ ನಾನು —