ಕಪ್ಪೆಯ ಬುತ್ತಿ

ಮಾರ್ಚ್ ಹನ್ನೆರಡು, ಭಾನುವಾರ

ಪುಟ್ಟಿ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಪುರುಸೊತ್ತಿರಲಿಲ್ಲ ಎಂದರೆ ನೀನು ನಂಬುವುದಿಲ್ಲ, ನಂಬಲೂಬೇಡ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನೀವು ಮೂವರೂ ಚೆನ್ನಾಗಿದ್ದೀರಿ ತಾನೇ?

ರಜೆಗೆ ಮಗುವನ್ನು ಕಳಿಸುವುದಿಲ್ಲ ಎಂದಿದ್ದೀಯ. "ಅವಳಿನ್ನೂ ಹಾಸಿಗೇಲಿ ಉಚ್ಚೆ ಮಾಡ್ಕೋತಾಳೆ. ನಿನ್ನ ಮನೆಗೆ ಅದು ಸರಿಹೋಗಲ್ಲಮ್ಮ" ಎಂದು ಬರೆದಿದ್ದೀಯ. ನನಗೆ ಕೋಪ ಬಂತು. ಏಳು ವರ್ಷದ ಮೊಮ್ಮಗಳನ್ನು ನಾನೇನು ನುಂಗಿಬಿಡುತ್ತೇನೆಯೇ?

ಈ ನಡುವೆ ಪ್ರಯೋಗಾಲಯದಲ್ಲಿ ಒಂದು ಎಡವಟ್ಟು ಮಾಡಿದೆ. ಕಪ್ಪೆಗಳನ್ನು ತೂಕಕ್ಕೆ ಇಡುವ ಮೊದಲು ಹೊಟ್ಟೆಯ ಕೆಳಗೆ ಮೆಲ್ಲಗೆ ಒತ್ತಿ ಉಚ್ಚೆ ಖಾಲಿ ಮಾಡಿಸುವುದು ನಮ್ಮಲ್ಲಿ ವಾಡಿಕೆ. ಇಲ್ಲದಿದ್ದರೆ ತೂಕ ಸರಿಯಾಗಿ ಸಿಗದು. ನೀರಿಲ್ಲದೆ ಎಷ್ಟು ದಿನ ಇರುತ್ತವೆಂದು ನೋಡಲು ಒಣಮಣ್ಣಿನ ತೊಟ್ಟಿಗೆ ಬಿಡಬೇಕಿದ್ದ ನಾಲ್ಕನ್ನೂ ಹಾಗೇ ಒತ್ತಿಬಿಟ್ಟೆ. ಒತ್ತಬಾರದು ಎಂದು ಚೀಟಿ ಅಂಟಿಸಿದ್ದರು. ಇಪ್ಪತ್ತು ವರ್ಷ ಪಳಗಿದ ಕೈ ಚೀಟಿ ಓದೀತೇ? ಹತ್ತನೇ ದಿನ ಒಂದು ಸತ್ತೇಹೋಯಿತು.

ನಮ್ಮ ಮೇಡಂ ಬೈಯಲಿಲ್ಲ. "ಅದು ಬರೀ ಉಚ್ಚೆ ಅಲ್ಲಮ್ಮ, ಕಪ್ಪೆ ಕಟ್ಕೊಂಡಿರೋ ಬುತ್ತಿ" ಎಂದರು. "ಒಣಗಿದ ಜಾಗದಲ್ಲಿ ಇದ್ದಾಗ ಮೂತ್ರಕೋಶದಿಂದ್ಲೇ ನೀರನ್ನ ಮೈಗೆ ವಾಪಸ್ ಎಳ್ಕೊಳ್ಳುತ್ತೆ." ಮೀನಿನದು ಬೇರೆ ಕಥೆಯಂತೆ. ಕೆರೆಯ ಮೀನಿಗೆ ನೀರು ಬೇಕಾದಷ್ಟು, ಉಪ್ಪಿಗೇ ಬರ. ಅದರ ಮೂತ್ರಕೋಶ ಉಪ್ಪನ್ನು ಹಿಡಿದಿಟ್ಟುಕೊಂಡು ನೀರನ್ನು ಹೊರಗೆ ಬಿಡುತ್ತದೆ. ನಾನೋ, ಇಷ್ಟು ವರ್ಷ ಅದನ್ನೆಲ್ಲ ಕೊಳಕು ಎಂದು ಒರೆಸಿ ಎಸೆದವಳು.

ಮಗುವನ್ನು ಕಳಿಸು. ರಬ್ಬರ್ ಹಾಳೆ ತಂದಿದ್ದೇನೆ, ಎರಡು ಹೊದಿಕೆ ಹೆಚ್ಚಿಗೆ ಒಗೆದಿಟ್ಟಿದ್ದೇನೆ. ಒದ್ದೆಯಾದರೆ ಬದಲಾಯಿಸುತ್ತೇನೆ, ಅಷ್ಟೇ. ಕೇಳಿದಾಗಲೆಲ್ಲ ನೀರು ಕೊಡುತ್ತೇನೆ. ಇಷ್ಟು ಹೇಳಿದ ಮೇಲೂ ಬೇಡ ಎನಿಸಿದರೆ ಬೇಡ, ನಾನು ಮುನಿಸಿಕೊಳ್ಳುವುದಿಲ್ಲ. ಎಲ್ಲಿದ್ದರೂ ತಣ್ಣಗಿರಿ.

ನಿನ್ನ ಅಮ್ಮ

ಮತ್ತೆ: ನಿನಗೂ ಆಗ ಏಳು ವರ್ಷ. ಹಾಸಿಗೆ ಒದ್ದೆ ಮಾಡುತ್ತೀಯೆಂದು ಸಂಜೆ ನಾಲ್ಕರ ಮೇಲೆ ನಾನು ನೀರು ಕೊಡುತ್ತಿರಲಿಲ್ಲ. ಅದನ್ನು ನೀನು ಮರೆತಿಲ್ಲ, ಗೊತ್ತು. ನಿನಗೆ ಗೊತ್ತಿಲ್ಲದ್ದು ಒಂದಿದೆ. ಒಂದು ಸಂಜೆ ನೀನು ಬಚ್ಚಲಿನಲ್ಲಿ, ಬಟ್ಟೆ ನೆನೆಹಾಕಿದ್ದ ಬಕೆಟ್ಟಿನಿಂದ ಬೊಗಸೆಯಲ್ಲಿ ಮೊಗೆದು ಕುಡಿಯುತ್ತಿದ್ದೆ. ನಾನು ಬಾಗಿಲಲ್ಲೇ ನಿಂತಿದ್ದೆ. ತಡೆಯಲಿಲ್ಲ, ಒಂದು ಲೋಟ ಒಳ್ಳೆಯ ನೀರೂ ಕೊಡಲಿಲ್ಲ. ಬೆಳಿಗ್ಗೆ ಹಾಸಿಗೆ ಒದ್ದೆಯಾಗಿರಲಿಲ್ಲ. "ನೋಡಿದ್ಯಾ, ಮನಸ್ಸು ಮಾಡಿದ್ರೆ ಆಗುತ್ತೆ" ಎಂದು ನಿನ್ನ ಬೆನ್ನು ತಟ್ಟಿದೆ.