ಕಾಳವ್ವನ ಹಾಡು ಬಾದಾಮಿಗೆ ಹೋದದ್ದು ಹೇಗೆ?

ನಗರಸಭೆಯ ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿ ಕಾಳವ್ವ ಹಾಡುತ್ತಾಳೆಂಬ ಸಂಗತಿ ನನಗೆ ತಿಳಿದದ್ದು ಬಾದಾಮಿಯ ಅಪರಿಚಿತನೊಬ್ಬನಿಂದ. ಈ ಉಪಕಾರ ತಮ್ಮದೇ.

ಇಳಕಲ್ಲಿನಲ್ಲಿ ತಾವು ಹಳೆಯ ಫೋನು, ಟಿ.ವಿ.ಗಳ ಸಂಗ್ರಹ ಶಿಬಿರ ನಡೆಸಿದಾಗ ಆಕೆಯ ಕೆಟ್ಟ ಫೋನನ್ನು ನಾನೇ ತಂದುಕೊಟ್ಟೆ. ಪರದೆ ಹೋಗಿದ್ದರಿಂದ ಒಳಗಿನದನ್ನು ಅಳಿಸಲು ಆಗಿರಲಿಲ್ಲ. ಹಾಗೆಂದು ಹೇಳಿದ್ದಕ್ಕೆ ತಮ್ಮ ಸಿಬ್ಬಂದಿ, "ಚಿಂತಿ ಬಿಡ್ರಿ, ಎಲ್ಲಾ ಪುಡಿ ಮಾಡ್ತೇವಿ" ಎಂದರು. ಪುಡಿಯಾಗಬೇಕಿದ್ದ ಫೋನು ಹೊಸ ಪರದೆ ಹಾಕಿಸಿಕೊಂಡು ಬಾದಾಮಿಯ ಅಂಗಡಿಯೊಂದರಲ್ಲಿ ಮಾರಾಟವಾಯಿತು. ಕೊಂಡವನು ಪ್ರಭು ಎಂಬ ಆಟೋ ಚಾಲಕ. ಒಳ್ಳೆಯ ಮನುಷ್ಯ; ನನ್ನ ಸಂಕಟವೇ ಅದು. ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ.

"ಕಾಳವ್ವ ಅಕ್ಕಾರ ಮನಿಯವ್ರೇನ್ರಿ?" ಎಂದು, ಅದರಲ್ಲೇ ಉಳಿದಿದ್ದ ನನ್ನ ನಂಬರಿಗೆ ಅವನೇ ಫೋನು ಮಾಡಿದ. "ಇದರಾಗ ಅಕ್ಕಾರ ಹಾಡ ಅದಾವ್ರಿ. ಭಾಳ ಚಲೋ ಹಾಡ್ಯಾರ. ಆಟೋದಾಗ ದಿನಾ ಹಚ್ತೇನಿ. ಇನ್ನೂ ಅದಾವೇನ್ರಿ?"

ತುಳಸಿಗೇರಿಯ ತಂಗಿಗೆಂದು ಆಕೆ ಫೋನಿನಲ್ಲಿ ಹಾಡಿ ಕಳಿಸುತ್ತಿದ್ದ ಸೋಬಾನೆ ಪದಗಳಂತೆ. ಮದುವೆಯಾದಂದಿನಿಂದ ನನ್ನ ಮುಂದೆ ಒಮ್ಮೆಯೂ ಗುನುಗದವಳು. ಬಾದಾಮಿ ಸ್ಟೇಷನ್ನಿನಲ್ಲಿ ಇಳಿದು ಆಟೋ ಹತ್ತಿದ ಯಾರ್‍ಯಾರೋ ಕೇಳಿದ್ದಾರೆ. ಗಂಡನಾದ ನಾನು ಕೇಳಿಲ್ಲ. ಅವರೆಲ್ಲರ ಮೇಲೂ ಹೊಟ್ಟೆಕಿಚ್ಚುಪಟ್ಟೆ. ಈ ವಯಸ್ಸಿನಲ್ಲಿ ಇದು ಶೋಭಿಸುತ್ತದೆಯೇ?

ಹಾಡುಗಳನ್ನು ಅಳಿಸಿಸಲೆಂದು ಇಬ್ಬರೂ ಬಾದಾಮಿಗೆ ಹೋದೆವು. ಪ್ರಭು ಫೋನು ಮುಂದಿಟ್ಟ.

"ಅಳಸೂಕಿಂತ ಮೊದಲ ಒಂದ ಪದಾ ಕೇಳೂಣೇನು?" ಎಂದೆ.

ಕಾಳವ್ವ ನನ್ನತ್ತ ನೋಡಲಿಲ್ಲ. "ಅಳಸಿಬಿಡಪಾ ತಮ್ಮಾ. ನಾ ನನ್ನ ತಂಗಿಗಷ್ಟ ಹಾಡಿದ್ದೆ."

ಅವನು ಅಳಿಸಿದ. ನಾನು ನೋಡುತ್ತ ನಿಂತೆ.

ತಮ್ಮ ಕಚೇರಿಯ ಹಳೆಯ ಕಂಪ್ಯೂಟರುಗಳ ಮೇಲೂ ನನಗೆ ಅಸೂಯೆಯಿದೆ. ಅವನ್ನು ಹೊರಹಾಕುವ ಮೊದಲು ಹಾರ್ಡ್‌ಡಿಸ್ಕ್ ಬಿಚ್ಚಿ, ತೂತು ಕೊರೆದು, ಪಂಚನಾಮೆಯನ್ನೂ ಮಾಡಿಸುತ್ತೀರಂತೆ. ಕಡತಗಳಿಗಿರುವ ಮಾನ ಹೆಣ್ಣುಮಗಳೊಬ್ಬಳ ದನಿಗೆ ಇಲ್ಲವೇ? ಅಥವಾ ನಮ್ಮ ಗುಟ್ಟು ಗುಟ್ಟೆನಿಸಲು ಅದಕ್ಕೂ ತಮ್ಮ ಮೊಹರು ಬೀಳಬೇಕೇ?

ನನ್ನ ಬೇಡಿಕೆ ಇಷ್ಟೇ. ಆ ಫೋನನ್ನು ಶಿಬಿರದಿಂದ ಅಂಗಡಿಗೆ ಸಾಗಿಸಿದವರು ಯಾರೆಂದು ವಿಚಾರಿಸಿ ಬಹಿರಂಗಪಡಿಸಿ. ಮುಂದಿನ ಶಿಬಿರದಲ್ಲಿ ಪ್ರತಿ ಫೋನನ್ನೂ ಕೊಟ್ಟವರ ಕಣ್ಣೆದುರೇ ನಾಶಮಾಡಿ. ಅಲ್ಲಿಯವರೆಗೆ ಶಿಬಿರವೇ ಬೇಡ.

ಕಾಳವ್ವ ಈಗ ಫೋನಿನಲ್ಲಿ ಹಾಡುವುದಿಲ್ಲ. ಹಾಡಬೇಕೆನಿಸಿದರೆ ಬಸ್ಸು ಹತ್ತಿ ತುಳಸಿಗೇರಿಗೆ ಹೋಗುತ್ತಾಳೆ. ನಾನು ಬಸ್‌ಸ್ಟ್ಯಾಂಡಿನವರೆಗೆ ಚೀಲ ಹೊರುತ್ತೇನೆ.

ಇಂತಿ,
ಅಲ್ಲಿಂದ ಒಬ್ಬನೇ ಹಿಂದಿರುಗುವ
ಅಂದಾನಪ್ಪ, ಇಳಕಲ್ಲು