ಬೂದು ಬಣ್ಣದ ಅಂಚು

ನವೆಂಬರ್ 9, ಶನಿವಾರ. ಟೊಲೆಡೊ.

ಆ ಹರಿದ ಅಂಚು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಇವತ್ತು ಚರ್ಚಿನ ಹಾಲ್‌ನಲ್ಲಿ ಬೇಸ್‌ಬಾಲ್ ಕಾರ್ಡುಗಳ, ಅಂದರೆ ಆಟಗಾರರ ಚಿತ್ರವಿರುವ ಸಂಗ್ರಹದ ಕಾರ್ಡುಗಳ ಸಂತೆ. ತಂದ ಕಾರ್ಡು ಅಸಲಿಯೋ ನಕಲಿಯೋ ಹೇಳುವುದು ನನ್ನ ಕೆಲಸ. ತೀರಿಹೋದ ಗಂಡ ಆರ್ವಿಲ್ ಜೋಪಾನ ಮಾಡಿದ್ದ ಹಳೆಯ ಕಾರ್ಡನ್ನು ಮುದುಕಿ ವರ್ನಾ ನನಗೆ ತೋರಿಸಲು ತಂದಿದ್ದಳು. "ಧೂಳಿತ್ತಪ್ಪ, ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸ್ಕೊಂಡು ಬಂದೆ," ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಗದ ಪರೀಕ್ಷಿಸುವ ನೇರಳಾತೀತ ದೀಪ ಹಿಡಿದೆ. ಹಳೆಯ ಕಾಗದ ಆ ಬೆಳಕಿಗೆ ಮಂಕಾಗಿರಬೇಕು, ಹೊಳೆಯುವುದು ಈಗಿನ ಕಾಗದ. ಇದು ಹೊಳೆಯಿತು. ಎಲ್ಲರಿಗೂ ಕೇಳುವಂತೆ ಜಂಬದಿಂದ, "ನಕಲಿ ಕಣಮ್ಮಾ. ನಿಮ್ಮ ಯಜಮಾನ್ರಿಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ," ಅಂದೆ. ಸುತ್ತಲಿದ್ದವರು ನಕ್ಕರು.

"ಅವರಪ್ಪ ಕೊಟ್ಟಿದ್ದು ಅಂತಿದ್ರು. ನನ್ಹತ್ರಾನೂ ಸುಳ್ಳು ಹೇಳಿದ್ರಾ?" ಎಂದವಳೇ ಕಾರ್ಡನ್ನು ಹರಿದು ನನ್ನ ಮೇಜಿನ ಮೇಲೆ ಹಾಕಿದಳು.

ಹರಿದಲ್ಲಿ ಒಳಗಿನ ಕಾಗದ ಕಂಡಿತು: ಬೂದು ಬಣ್ಣ, ಒರಟು ನಾರು. ದೀಪ ಹಿಡಿದರೆ ಅಲ್ಲಿ ಹೊಳಪೇ ಇಲ್ಲ. ಅಸಲಿ ಕಾರ್ಡು! ಹೊಳೆದದ್ದು ಅವಳ ಸೋಪು. ಗೊತ್ತಾದರೂ ನಾನು ಬಾಯಿ ಬಿಡಲಿಲ್ಲ.

ಹೊರಡುವಾಗ ಕೈ ಹಿಡಿದುಕೊಂಡಳು. "ನೀನಾದ್ರೂ ನಿಜ ಹೇಳ್ದೆಯಲ್ಲಪ್ಪ."

"ಅಯ್ಯೋ, ಅದಕ್ಕೇನಂತೆ ಬಿಡಿ," ಅಂದೆ.

ಅಂದೆನಲ್ಲ ನಾನು. ಥೂ.